ರಜೆಯಲ್ಲಿ ಬರುವ ಫೋನಿನ ಲೆಕ್ಕ

ಬ್ಯಾಂಕಿನ ಶಾಖೆಯಲ್ಲಿ ಕೆಲಸ ಮಾಡುವವರಿಗೆ ರಜೆ ಎರಡು ಥರ. ಒಂದು ನಾವೇ ಅರ್ಜಿ ಹಾಕಿ ಹೋಗುವುದು, ಇನ್ನೊಂದು ಮೇಲಿನವರು ಹೇಳದೆ ಕೇಳದೆ ಕಳಿಸುವುದು. ಎರಡನೆಯದಕ್ಕೆ ರಿಸರ್ವ್ ಬ್ಯಾಂಕಿನ ಆದೇಶವೇ ಉಂಟು. 2021ರ ಜುಲೈಯ ಸುತ್ತೋಲೆಯ ಪ್ರಕಾರ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ಪ್ರತಿವರ್ಷ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ, ಮುಂಚಿತವಾಗಿ ತಿಳಿಸದೆ, ರಜೆಯ ಮೇಲೆ ಕಳಿಸಬೇಕು. ಆ ದಿನಗಳಲ್ಲಿ ಅವರು ಕಡತ, ಕಂಪ್ಯೂಟರು ಯಾವುದನ್ನೂ ಮುಟ್ಟುವಂತಿಲ್ಲ. ಎಲ್ಲರಿಗೂ ಇರುವ ಕಚೇರಿ ಈಮೇಲ್ ಮಾತ್ರ ನೋಡಬಹುದು.

ಇಷ್ಟು ಬಿಗಿ ಯಾಕೆಂದರೆ, ಕೆಲವು ಮೋಸಗಳು ನಡೆಯಬೇಕಾದರೆ ಮಾಡಿದವನು ದಿನಾ ಹಾಜರಿರಲೇಬೇಕು. 1928ರಲ್ಲಿ ನಮ್ಮ ಕರಾವಳಿಯಲ್ಲೇ ಹುಟ್ಟಿದ ಪಿಗ್ಮಿ ಎಂಬ ದಿನನಿತ್ಯದ ಉಳಿತಾಯ ಠೇವಣಿಯನ್ನೇ ತೆಗೆದುಕೊಳ್ಳಿ. ಅಂಗಡಿಯವರಿಂದ ದಿನದಿನ ಸಂಗ್ರಹಿಸಿದ ಹಣದಲ್ಲಿ ಇವತ್ತು ಒಬ್ಬರದನ್ನು ಜೇಬಿಗೆ ಹಾಕಿದರೆ, ನಾಳೆ ಇನ್ನೊಬ್ಬರ ಹಣವನ್ನು ಮೊದಲಿನವರ ಖಾತೆಗೆ ಕಟ್ಟಬೇಕು, ನಾಳಿದ್ದು ಮೂರನೆಯವರದನ್ನು ಎರಡನೆಯವರ ಖಾತೆಗೆ. ನಡುವೆ ಒಂದು ವಾರ ಬೇರೆಯವರು ಸಂಗ್ರಹಕ್ಕೆ ಹೋದರೆ ಪಾಸ್‌ಪುಸ್ತಕಕ್ಕೂ ಖಾತೆಗೂ ತಾಳೆಯಾಗುವುದಿಲ್ಲ. ರಜೆಯೇ ಇಲ್ಲಿ ತಪಾಸಣೆ.

ಆದರೆ ಈ ಬರಹ ಕಳ್ಳರ ಬಗ್ಗೆ ಅಲ್ಲ. ನಿಯತ್ತಿನಿಂದ ದುಡಿದು, ವರ್ಷಗಟ್ಟಲೆ ಸರಿಯಾಗಿ ರಜೆ ಹಾಕದವರೂ ಹೊರಗಿನಿಂದ ಹಾಗೆಯೇ ಕಾಣುತ್ತಾರೆ ಎಂಬುದು ನಮ್ಮ ತಕರಾರು. ‘ಇವರಿಲ್ಲದಿದ್ದರೆ ಶಾಖೆ ನಡೆಯುವುದಿಲ್ಲ’ ಎಂದು ಬೀಳ್ಕೊಡುಗೆಯಲ್ಲಿ ಹೊಗಳುತ್ತಾರಲ್ಲ, ಅದು ಹೊಗಳಿಕೆಯಲ್ಲ, ದೂರು. ಕೆಲಸ ಪುಸ್ತಕದಲ್ಲಿಲ್ಲ, ಒಬ್ಬರ ತಲೆಯಲ್ಲಿದೆ ಎಂದರ್ಥ. ತನ್ನ ತಲೆಯಲ್ಲಿ ಏನೇನು ಸೇರಿಕೊಂಡಿದೆ ಎಂದು ಆ ಮನುಷ್ಯನಿಗೇ ಗೊತ್ತಿರುವುದಿಲ್ಲ. ಅದು ಗೊತ್ತಾಗುವುದು ರಜೆಯಲ್ಲಿ, ಶಾಖೆಯಿಂದ ಬರುವ ಫೋನಿನಿಂದ.

ಆದ್ದರಿಂದ ನೀವೇ ಕೇಳಿ ಹಾಕಿದ ರಜೆಯಲ್ಲಿ ಫೋನ್ ಆಫ್ ಮಾಡಿಡಿ ಎಂದು ನಾವು ಹೇಳುವುದಿಲ್ಲ. ಬಂದ ಪ್ರತಿ ಕರೆಯನ್ನೂ ಬರೆದಿಡಿ. ಯಾರು, ಎಷ್ಟು ಹೊತ್ತಿಗೆ, ಏನು ಕೇಳಿದರು, ಉತ್ತರ ಎಲ್ಲಿ ಸಿಗಬೇಕಿತ್ತು, ಇಷ್ಟು ಸಾಕು. ರಜೆ ಮುಗಿಯುವಾಗ ಪಟ್ಟಿಯನ್ನು ನಿಧಾನವಾಗಿ ಓದಿ.

‘ಆ ಫೈಲ್ ಎಲ್ಲಿಟ್ಟಿದ್ದೀರಿ?’ ಎಂಬ ಕರೆಗಳು ಸಾಮಾನ್ಯ, ಮದ್ದೂ ಸುಲಭ. ಮೇಜಿನ ಡ್ರಾಯರಿನಲ್ಲಿ ಕಡತ ಇಡುವುದನ್ನು ಬಿಟ್ಟರಾಯಿತು. ತೀರಿಹೋದ ಗ್ರಾಹಕರ ಹಣಕ್ಕೆ ಮನೆಯವರು ಹಾಕುವ ಕ್ಲೈಮ್ ಮಾತ್ರ ಸದರವಲ್ಲ. ದಾಖಲೆಗಳೆಲ್ಲ ಕೈಸೇರಿದ ಮೇಲೆ 15 ದಿನದೊಳಗೆ ಇತ್ಯರ್ಥವಾಗಬೇಕು. ಹತ್ತು ಕೆಲಸದ ದಿನದ ರಜೆ ಎಂದರೆ ಭಾನುವಾರ, ಎರಡನೇ ಅಥವಾ ನಾಲ್ಕನೇ ಶನಿವಾರ ಸೇರಿ ಹೆಚ್ಚುಕಡಿಮೆ ಎರಡು ವಾರ. ಕೇರಳದ ನಮ್ಮ ಕಾಸರಗೋಡಿನಲ್ಲಿ ಓಣಂ ಸಮಯವಾದರೆ ಇನ್ನೂ ಉದ್ದ. ಅಂಥ ಒಂದು ಕಡತ ನಿಮ್ಮ ಡ್ರಾಯರಿನಲ್ಲಿ ಉಳಿದರೆ ಗಡುವು ಅಲ್ಲೇ ಮುಗಿಯುತ್ತದೆ.

‘ಇದನ್ನು ಹಾಗೆ ಮಾಡಬಹುದಾ?’ ಎಂಬ ಕರೆ ಬೇರೆ ಜಾತಿಯದು. ಕೇಳುವವರಿಗೆ ಅಧಿಕಾರ ಇದೆ, ನಿಯಮವೂ ಗೊತ್ತು, ಆದರೂ ಕೇಳುತ್ತಾರೆ. ಅವರು ಹಿಂದೆ ಸ್ವಂತವಾಗಿ ಮಾಡಿದ ಯಾವುದೋ ಕೆಲಸವನ್ನು ಕೌಂಟರಿನ ಮುಂದೆ, ಗ್ರಾಹಕರ ಎದುರೇ ನೀವು ತಿದ್ದಿರುತ್ತೀರಿ. ಈ ಥರದ ಕರೆ ಪಟ್ಟಿಯಲ್ಲಿ ಹೆಚ್ಚಿದ್ದರೆ ಕಾರಣ ಅವರಲ್ಲಿ ಹುಡುಕಬೇಡಿ.

ಎಲ್ಲಕ್ಕಿಂತ ಕಷ್ಟದ್ದು ‘ನೀವು ಹೇಳಿದ್ದೀರಂತೆ’ ಎಂದು ಶುರುವಾಗುವ ಕರೆ. ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳು ಯಾವ ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ. ಅಡವಿಟ್ಟ ಚಿನ್ನದ ಅವಧಿ ಮುಗಿದಿದೆ, ‘ಅಡಿಕೆ ಮಾರಿದ ಕೂಡಲೇ ಬಡ್ಡಿ ಕಟ್ಟುತ್ತೇನೆ, ನೋಟಿಸ್ ಕಳಿಸಬೇಡಿ’ ಎಂದು ಕೃಷಿಕರು ಕೇಳಿರುತ್ತಾರೆ, ನೀವು ತಲೆಯಾಡಿಸಿರುತ್ತೀರಿ. ಗಲ್ಫಿನಿಂದ ಬಂದವರು ತಮ್ಮ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿಯನ್ನು ಇಂಥ ತಾರೀಕಿಗೆ ಮುರಿಯಲು ಹೇಳಿ ವಿಮಾನ ಹತ್ತಿರುತ್ತಾರೆ. ಒಂದು ವರ್ಷ ತುಂಬುವ ಮೊದಲು ಮುರಿದರೆ ಆ ಠೇವಣಿಗೆ ಬಡ್ಡಿಯೇ ಇಲ್ಲ. ನಿಮ್ಮ ಜಾಗದಲ್ಲಿ ಕೂತವರು ಎರಡು ದಿನ ಮುಂಚೆ ಮುರಿದರೆ ಇಡೀ ವರ್ಷದ ಬಡ್ಡಿ ಹೋಯಿತು. ಇಂಥ ಕರೆಗಳನ್ನು ಎಣಿಸಿದಾಗ, ತಾನು ದಿನಕ್ಕೆ ಎಷ್ಟು ಸಲ ‘ಆಯ್ತು, ನೋಡುವ’ ಅನ್ನುತ್ತೇನೆ ಎಂಬುದು ಹಲವರಿಗೆ ಮೊದಲ ಸಲ ಕಾಣುತ್ತದೆ. ಆ ಮಾತು ಬಾಯಿಯಿಂದ ಹೊರಟ ಕ್ಷಣವೇ ಡೈರಿಗೆ ಹೋಗಬೇಕು: ಖಾತೆ ಸಂಖ್ಯೆ, ತಾರೀಕು, ಏನು ಒಪ್ಪಿಕೊಂಡದ್ದು. ಬರೆಯಲು ಮುಜುಗರವಾಗುವ ಭರವಸೆಯಾದರೆ ಅದನ್ನು ಕೊಡಲೇಬಾರದಿತ್ತು.

ಪಾಸ್‌ವರ್ಡ್ ಕೇಳಿ ಬರುವ ಕರೆಗೆ ಉತ್ತರ ಒಂದೇ: ಇಲ್ಲ. ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು ಎಂಬ ವ್ಯವಸ್ಥೆಯ ಜೀವವೇ ಎರಡು ತಲೆ ಇರುವುದು. ನಿಮ್ಮ ಪಾಸ್‌ವರ್ಡ್ ಅವರ ಕೈಗೆ ಹೋದರೆ ಒಬ್ಬರೇ ಎರಡೂ ಆಗುತ್ತಾರೆ, ನಾಳೆ ಹೆಚ್ಚುಕಮ್ಮಿಯಾದರೆ ದಾಖಲೆಯಲ್ಲಿ ನಿಮ್ಮ ಹೆಸರು. ‘ಒಂದೇ ಎಂಟ್ರಿ ಸಾರ್’ ಎಂಬ ದಾಕ್ಷಿಣ್ಯಕ್ಕೆ ಮಣಿಯಬೇಡಿ.

ಇನ್ನು, ಕರೆಯೇ ಬಾರದಿದ್ದರೆ? ಮೊದಲ ದಿನ ಖುಷಿ. ಮೂರನೇ ದಿನಕ್ಕೆ ಒಳಗೆ ಏನೋ ಚುಚ್ಚಲು ಶುರುವಾಗುತ್ತದೆ, ಕೈ ಶಾಖೆಯ ವಾಟ್ಸಾಪ್ ಗುಂಪಿನ ಕಡೆ ಹೋಗುತ್ತದೆ. ‘ಎಂತ ವಿಶೇಷ, ಎಲ್ಲ ಸರಿ ಉಂಟಲ್ಲ?’ ಎಂದು ನಾವೇ ಫೋನ್ ಮಾಡುತ್ತೇವೆ. ಈ ಚುಚ್ಚುವಿಕೆಯನ್ನು ಸುಮ್ಮನೆ ಕಡೆಗಣಿಸಬೇಡಿ. ಕೆಲಸವನ್ನು ಯಾರಿಗೂ ಕಲಿಸದೆ ಇಟ್ಟುಕೊಳ್ಳುವ ಚಾಳಿಯ ಬೇರು ಅಲ್ಲಿದೆ. ನೀವಾಗಿ ಮಾಡಿದ ಫೋನನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ, ಬೇರೆ ಬಣ್ಣದ ಪೆನ್ನಿನಲ್ಲಿ.

ಕಾಸರಗೋಡಿನ ಶಾಖೆಗಳಲ್ಲಿ ಇನ್ನೊಂದು ತೊಡಕುಂಟು. ಫಾರಂನಲ್ಲಿ ಮಲಯಾಳ ಇರುತ್ತದೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ಹಿರಿಯರಿಗೆ ಓದಲು ಬರುವುದು ಕನ್ನಡ. ಶಾಖೆಯಲ್ಲಿ ಕನ್ನಡ ಬಲ್ಲವರು ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ ‘ಮೇಡಂ ಇಲ್ವಾ? ಹಾಗಾದರೆ ಇನ್ನೊಮ್ಮೆ ಬರ್ತೇನೆ’ ಎಂದು ಬಂದವರು ಬಸ್ ಹತ್ತುತ್ತಾರೆ. ಇದು ನಿಮ್ಮ ಫೋನಿಗೂ ಬರುವುದಿಲ್ಲ, ದೂರಿನ ಪುಸ್ತಕಕ್ಕೂ ಬರುವುದಿಲ್ಲ. ಹೊರಡುವ ಮೊದಲು ಹಣ ಹಿಂತೆಗೆತ, ಬೇರೆ ಬ್ಯಾಂಕಿಗೆ ಹಣ ಕಳಿಸುವ ಆರ್‌ಟಿಜಿಎಸ್, ಠೇವಣಿ ನವೀಕರಣ, ನಾಮಿನಿ ಈ ನಾಲ್ಕು ಫಾರಂಗಳನ್ನು ಕನ್ನಡದಲ್ಲಿ ಮಾದರಿಯಾಗಿ ತುಂಬಿ ಗಾಜಿನ ಕೆಳಗೆ ಇಡಿ. ಪಕ್ಕದ ಸೀಟಿನ ಮಲಯಾಳಿ ಸಹೋದ್ಯೋಗಿಗೆ ‘ಕೂತ್ಕೊಳ್ಳಿ’, ‘ಇಲ್ಲಿ ಸಹಿ ಹಾಕಿ’, ‘ಆಧಾರ್ ತಂದಿದ್ದೀರಾ’ ಥರದ ಹತ್ತಿಪ್ಪತ್ತು ವಾಕ್ಯ ಮಲಯಾಳ ಲಿಪಿಯಲ್ಲೇ ಬರೆದುಕೊಡಿ. ಅವರ ಉಚ್ಚಾರ ಹೇಗಿದ್ದರೂ ಅಜ್ಜಿಯಂದಿರು ನಗುತ್ತಾ ಕೂರುತ್ತಾರೆ.

ಊರಲ್ಲೇ ಇದ್ದು ರಜೆ ಕಳೆಯುವವರಿಗೆ ಕುಂಬಳೆ ಪೇಟೆಯೂ ಕೌಂಟರೇ, ಭೂತದ ನೇಮ ನಡೆಯುವ ಗದ್ದೆಯೂ ಕೌಂಟರೇ. ‘ನನ್ನ ಲೋನು ಎಲ್ಲಿಗೆ ಬಂತು?’ ಎಂದು ಕೇಳಿದರೆ ರಜೆಯಲ್ಲಿದ್ದೇನೆ ಎಂದಷ್ಟೇ ಹೇಳಿದರೆ ಸಾಲದು. ಶಾಖೆಯಲ್ಲಿ ಯಾರನ್ನು ಕಾಣಬೇಕು ಎಂದು ಹೆಸರು ಹೇಳಿ.

ರಜೆಯಲ್ಲಿ ಇನ್ನೊಂದು ಲಾಭವುಂಟು, ನಾವು ಗ್ರಾಹಕರಾಗುತ್ತೇವೆ. ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ, ಆಸ್ಪತ್ರೆಯ ಓಪಿ ಸಾಲಿನಲ್ಲಿ, ವಿದ್ಯುತ್ ಕಚೇರಿಯಲ್ಲಿ ಟೋಕನ್ ಹಿಡಿದು ನಿಂತಾಗ ಯಾವ ಗಳಿಗೆಯಲ್ಲಿ ಸಿಟ್ಟು ಬಂತು ಎಂದು ಗಮನಿಸಿ. ಬಹುತೇಕ ಅದು ತಡವಾದದ್ದಕ್ಕೆ ಅಲ್ಲ, ಯಾಕೆ ತಡ ಎಂದು ಯಾರೂ ಹೇಳದ್ದಕ್ಕೆ, ಅಥವಾ ಹಿಂದಿದ್ದವರನ್ನು ‘ಬನ್ನಿ’ ಎಂದು ಕರೆದು ನಮಗೆ ‘ಎಂತ?’ ಎಂದು ಮಾತ್ರ ಕೇಳಿದ್ದಕ್ಕೆ. ಹಾಗೆ ನಿಂತಿರುವಾಗಲೇ ಕೇಳಿಕೊಳ್ಳಬೇಕು: ತೋಟದ ಧಣಿಗಳು ಬಂದಾಗ ಎದ್ದು ಕುರ್ಚಿ ತೋರಿಸುವ ನಾವು, ತೊಗಲು ಒಡೆದ ಕೈಯಲ್ಲಿ ಉದ್ಯೋಗಖಾತರಿಯ ಪಾಸ್‌ಪುಸ್ತಕ ಹಿಡಿದು ಬಂದವರನ್ನು ಹೇಗೆ ಮಾತಾಡಿಸುತ್ತೇವೆ? ಶಾಖೆಯೊಳಗೆ ಈ ಪ್ರಶ್ನೆ ಹುಟ್ಟುವುದಿಲ್ಲ, ಅಲ್ಲಿ ನಮಗೆ ಪುರುಸೊತ್ತಿಲ್ಲ.

ಇಂಥ ಯೋಚನೆಗಳನ್ನೆಲ್ಲ ಬರೆಯಲು ರಜೆಯ ಮೊದಲ ಮೂರು ನಾಲ್ಕು ದಿನ ಒಳ್ಳೆಯದಲ್ಲ. ಆಗ ಬರೆದರೆ ಬರುವುದು ಹಳೇ ಜಗಳವೇ. ನಿದ್ದೆ ಸರಿಹೋದ ಮೇಲೆ ಬರೆಯಿರಿ. ಕೆಲಸಕ್ಕೆ ಮರಳುವ ಹಿಂದಿನ ದಿನವೂ ಬೇಡ, ಆಗ ಮನಸ್ಸು ಆಗಲೇ ಶಾಖೆಯಲ್ಲಿ ಕೂತಿರುತ್ತದೆ.

ಮರಳಿದ ದಿನ ಅರ್ಧ ಗಂಟೆ ಮೊದಲೇ ಹೋಗಿ. ನೀವಿಲ್ಲದಾಗ ಏನೇನು ತಪ್ಪಾಯಿತು ಎಂದು ಕೇಳುತ್ತಾ ಒಳಬರಬೇಡಿ. ಏನು ಬೇರೆ ಥರ ಮಾಡಿದರು ಎಂದು ನೋಡಿ. ಅಡವಿಟ್ಟ ಚಿನ್ನದ ಪ್ಯಾಕೆಟ್‌ಗಳ ಪಟ್ಟಿಯನ್ನು ಸಂಖ್ಯೆಯ ಬದಲು ಅವಧಿ ಮುಗಿಯುವ ತಾರೀಕಿನ ಪ್ರಕಾರ ಮಾಡಿದ್ದರೆ, ಅದು ನಿಮ್ಮದಕ್ಕಿಂತ ಒಳ್ಳೆಯದಿದ್ದರೆ, ಹಾಗೆಯೇ ಬಿಡಿ. ಫೋನಿನ ಪಟ್ಟಿಯಿಂದ ಮೂರೇ ವಿಷಯ ಆರಿಸಿ ಆ ವಾರದಲ್ಲೇ ಒಬ್ಬರಿಗೆ ಕಲಿಸಿ. ಇಪ್ಪತ್ತು ಆರಿಸಿದರೆ ಒಂದೂ ಆಗುವುದಿಲ್ಲ.

ಸೇಫಿನ ಕೀಲಿ ವಾಪಸ್ ಪಡೆಯುವಾಗ ಮಾತ್ರ ಸ್ನೇಹ ಬದಿಗಿರಲಿ. ಸೇಫಿನ ಜಂಟಿ ಹೊಣೆ ಹೊತ್ತ ಇನ್ನೊಬ್ಬರು ಎದುರಿಗಿರಬೇಕು, ನಗದು ಎಣಿಸಬೇಕು, ಪ್ಯಾಕೆಟ್‌ಗಳ ಸಂಖ್ಯೆ ರಿಜಿಸ್ಟರಿಗೆ ತಾಳೆಯಾಗಬೇಕು, ಆಮೇಲೆ ಕೀಲಿ ಪುಸ್ತಕದಲ್ಲಿ ಸಮಯ ಬರೆದು ಸಹಿ. ಗ್ರಾಹಕರು ಬಾಗಿಲಲ್ಲಿ ಕಾಯುತ್ತಿದ್ದರೂ ಅಷ್ಟು ಹೊತ್ತು ಕಾಯಲಿ, ಯಾಕೆ ತಡ ಎಂದು ಒಬ್ಬರು ಹೊರಗೆ ಹೋಗಿ ಹೇಳಿಬರಲಿ.