ಸಣ್ಣ ಹರಕೆ

ನಮ್ಮ ಮನೆಯಲ್ಲಿ ಹರಕೆ ಎಂದರೆ ಅದು ಕಾಲಿನಿಂದ ತೀರಿಸುವಂಥದ್ದು. ಜೂನ್ 13ರ ಹಬ್ಬಕ್ಕೆ ಡೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ನಡೆದು ಹೋಗುವುದು, ದೊಡ್ಡ ಸಂಕಟ ಬಂದರೆ ತಮಿಳುನಾಡಿನ ವೇಲಾಂಕಣಿಯವರೆಗೂ ಪಾದಯಾತ್ರೆ. ಅಂಗಾಲಿನ ಬೊಬ್ಬೆ ಎಣಿಸಿ ಭಕ್ತಿ ಅಳೆಯುತ್ತಿದ್ದ ಮಂದಿ ನಾವು. ಹಾಗಾಗಿ ಮಂಡಿ ಕೈಕೊಟ್ಟ ಒಂದು ವರ್ಷ, ನಡಿಗೆಯ ಬದಲು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಅಷ್ಟೂ ದಿನ ಆಯಾ ದಿನದ ವಾಚನಗಳನ್ನು ಓದುತ್ತೇನೆ ಎಂದು ಹರಸಿಕೊಂಡಾಗ, ಅದು ನನಗೇ ಕಳ್ಳ ಹರಕೆಯಂತೆ ಕಂಡಿತು. ಹತ್ತು ನಿಮಿಷದ ಕೆಲಸ. ಬೆವರಿಲ್ಲ, ಬೊಬ್ಬೆಯಿಲ್ಲ.

ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಶುರುಮಾಡಿದೆ. ಶನಿವಾರದ ಹೊತ್ತಿಗೆ ಹರಕೆ ತಪ್ಪಿತ್ತು. ಹಸುಗೂಸಿನಂತೆ ಬಿಸಿಲಲ್ಲಿ ಅತ್ತು ನಡೆದರೂ ಪಾದಯಾತ್ರೆಯನ್ನು ಎಂದೂ ಅರ್ಧಕ್ಕೆ ಬಿಟ್ಟವಳಲ್ಲ ನಾನು. ಹತ್ತು ನಿಮಿಷ ಕೂರಲು ಆಗಲಿಲ್ಲ.

ದಿನದ ವಾಚನ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ಕಥೋಲಿಕ ಧರ್ಮಸಭೆಯಲ್ಲಿ ಪ್ರತಿದಿನ ಚರ್ಚಿನಲ್ಲಿ ನಡೆಯುವ ಬಲಿಪೂಜೆಗೂ ಬೈಬಲ್ಲಿನ ಯಾವ ಭಾಗ ಓದಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ 1969ರಲ್ಲಿ ಬಂದ ಕ್ರಮವಿದು. ಭಾನುವಾರಗಳಿಗೆ ಮೂರು ವರ್ಷದ ಸುತ್ತು, ಹಬ್ಬ ವ್ರತಗಳ ಕಾಲವಲ್ಲದ ಸಾಧಾರಣ ಕಾಲದ ವಾರದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷದ ಸುತ್ತು. ತಪಸ್ಸುಕಾಲದ ವಾರದ ದಿನಗಳಿಗೆ ಮಾತ್ರ ಸುತ್ತೇ ಇಲ್ಲ. ಪ್ರತಿವರ್ಷವೂ ಅದೇ ದಿನಕ್ಕೆ ಅದೇ ವಾಚನ. ಇಷ್ಟವಾದ 23ನೆಯ ಕೀರ್ತನೆಗೇ ಮತ್ತೆ ಮತ್ತೆ ಓಡಿಹೋಗುವ ಸಲಿಗೆ ಇಲ್ಲಿಲ್ಲ. ಬಡಿಸಿದ್ದನ್ನು ಉಣ್ಣಬೇಕು.

ಬಡಿಸಿದ್ದು ಎಲ್ಲ ದಿನವೂ ರುಚಿಸುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಓದಿದ ಮಾತು ಅಂದಿನ ನನ್ನ ಕಷ್ಟಕ್ಕೇ ಬರೆದಂತಿತ್ತು ಎಂದು ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಅನುಮಾನ. ನನಗೆ ಹೆಚ್ಚಿನ ದಿನ ಏನೂ ಆಗುವುದಿಲ್ಲ. ಮರುಭೂಮಿಯಲ್ಲಿ ಬೆಳಿಗ್ಗೆ ನೆಲದ ಮೇಲೆ ಬಿದ್ದಿದ್ದ ಮನ್ನ ಎಂಬ ಆಹಾರವನ್ನು ಕಂಡ ಇಸ್ರಯೇಲರು ಮೊದಲು ಕೇಳಿದ್ದು "ಇದೇನು?" ಎಂದು, ಆ ಪ್ರಶ್ನೆಯೇ ಅದಕ್ಕೆ ಹೆಸರಾಯಿತು ಎನ್ನುತ್ತದೆ ಬೈಬಲ್ಲಿನ ವಿಮೋಚನಾಕಾಂಡ. ನನ್ನ ಬೆಳಗಿನ ಓದೂ ಬಹುಪಾಲು ಅದೇ. ಇದೇನು?

ಹೀಗೆ ತಪ್ಪುತ್ತಾ ಹಿಡಿಯುತ್ತಾ ಮೂರನೆಯ ವಾರದ ಸೋಮವಾರಕ್ಕೆ ಬಂದೆ. ಮಾರ್ಚ್ 19ರ ಸಂತ ಜೋಸೆಫರ ಹಬ್ಬದಂಥದ್ದು ಅಡ್ಡಬಾರದಿದ್ದರೆ ಆ ದಿನ ನಾಮಾನನ ಕಥೆ, ಅರಸರ ಎರಡನೆಯ ಗ್ರಂಥದ ಐದನೆಯ ಅಧ್ಯಾಯ. ಅರಾಮಿನ, ಎಂದರೆ ಸಿರಿಯಾದ, ಸೇನಾಪತಿ, ಶೂರ, ಅರಸನ ಮೆಚ್ಚಿನವ. ಮೈಮೇಲೆ ಮಾತ್ರ ಕುಷ್ಠ. ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಬಂಗಾರದ ನಾಣ್ಯ, ಹತ್ತು ಜೊತೆ ಉಡುಪು ಹೊರಿಸಿಕೊಂಡು ಕುದುರೆ ರಥಗಳ ಸಮೇತ ಪ್ರವಾದಿ ಎಲೀಷನ ಬಾಗಿಲಲ್ಲಿ ನಿಲ್ಲುತ್ತಾನೆ. ಎಲೀಷ ಹೊರಗೇ ಬರುವುದಿಲ್ಲ. ಆಳಿನ ಕೈಲಿ ಹೇಳಿಕಳಿಸುತ್ತಾನೆ: ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗು, ವಾಸಿಯಾಗುತ್ತದೆ.

ನಾಮಾನನಿಗೆ ಕೆಂಡದಂಥ ಸಿಟ್ಟು. ಪ್ರವಾದಿ ಎದುರು ಬಂದು ನಿಂತು, ತನ್ನ ದೇವರ ಹೆಸರೆತ್ತಿ, ಹುಣ್ಣಿನ ಮೇಲೆ ಕೈಯಾಡಿಸುತ್ತಾನೆ ಎಂದುಕೊಂಡಿದ್ದನಂತೆ. ದಮಸ್ಕದ ಅಬಾನ, ಪರ್ಪರ್ ನದಿಗಳು ಇಲ್ಲಿನ ನೀರಿಗಿಂತ ಕಡಿಮೆಯೇ ಎಂದು ಕೇಳುತ್ತಾನೆ. ಕಾವೇರಿಯ ನೀರು ಕುಡಿದು ಬೆಳೆದ ನನಗೆ ಈ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ. ತಿರುಗಿ ಹೊರಟವನನ್ನು ತಡೆಯುವವರು ಅವನ ಸೇವಕರು. ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ನೀವು ಮಾಡುತ್ತಿರಲಿಲ್ಲವೇ, ಇಷ್ಟು ಸಣ್ಣದಕ್ಕೆ ಏನು ಅಡ್ಡಿ ಎಂದು ಕೇಳುತ್ತಾರೆ.

ಅಲ್ಲಿ ನನ್ನ ಬೆರಳು ನಿಂತಿತು. ವೇಲಾಂಕಣಿಗೆ ನಡೆ ಎಂದಿದ್ದರೆ ನಡೆದುಬಿಡುತ್ತಿದ್ದೆ. ದೊಡ್ಡ ಹರಕೆಯಲ್ಲಿ ನಾನೂ ಇರುತ್ತೇನೆ: ನನ್ನ ಬೊಬ್ಬೆ, ನನ್ನ ಮೈಲಿ, ಊರಿಗೆ ಬಂದ ಮೇಲೆ ಹೇಳಿಕೊಳ್ಳಲು ನನ್ನ ಕಥೆ. ಅಡುಗೆಮನೆಯ ಮೂಲೆಯಲ್ಲಿ, ಹಾಲು ಉಕ್ಕದಂತೆ ಒಂದು ಕಣ್ಣಿಟ್ಟು ಓದುವುದರಲ್ಲಿ ಹೇಳಿಕೊಳ್ಳುವುದೇನಿದೆ? ನಾಮಾನನ ರಥ ಹೊಸ್ತಿಲ ಹೊರಗೇ ಉಳಿಯಬೇಕು. ಆರು ಸಲ ಮುಳುಗಿ ಎದ್ದಾಗಲೂ ಅವನ ಚರ್ಮ ಹೇಗಿತ್ತೆಂದು ಕಥೆ ಹೇಳುವುದಿಲ್ಲ. ಹಾಗೇ ಇತ್ತೆಂದೇ ನನ್ನ ಊಹೆ.

ಅಂದಿನ ಶುಭಸಂದೇಶ, ಎಂದರೆ ಯೇಸುಸ್ವಾಮಿಯ ಬದುಕನ್ನು ಹೇಳುವ ವಾಚನ, ಲೂಕನದು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಇದೇ ನಾಮಾನನ ಹೆಸರೆತ್ತುತ್ತಾರೆ. ಇಸ್ರಯೇಲಿನಲ್ಲಿ ಎಷ್ಟೋ ಕುಷ್ಠರೋಗಿಗಳಿದ್ದರೂ ಗುಣವಾದವನು ಹೊರಗಿನ ಈ ಸಿರಿಯಾದವನೊಬ್ಬನೇ ಎನ್ನುತ್ತಾರೆ. ಊರಿನವರಿಗೂ ಸಿಟ್ಟು, ಗುಡ್ಡದ ಅಂಚಿನಿಂದ ಅವರನ್ನು ತಳ್ಳಲು ಹೊರಡುತ್ತಾರೆ. ನಾಮಾನನಿಗಿದ್ದಂತೆ ಬುದ್ಧಿ ಹೇಳುವ ಆಳುಗಳು ಅವರಿಗಿರಲಿಲ್ಲ.

ವಾಚನ 15ನೆಯ ವಚನದ ನಡುವಿನಲ್ಲೇ ಮುಗಿಯುತ್ತದೆ. ಎಲೀಷ ಬೇಡವೆಂದ ಬೆಳ್ಳಿಯನ್ನು ಅವನ ಆಳು ಗೇಹಜಿ ಬೆನ್ನಟ್ಟಿ ಹೋಗಿ ಇಸಿದುಕೊಂಡದ್ದು, ನಾಮಾನನ ಕುಷ್ಠ ಅವನಿಗೆ ಅಂಟಿದ್ದು, ಇದೆಲ್ಲ ಬೇಕಾದರೆ ಮನೆಯ ಬೈಬಲ್ಲನ್ನೇ ತೆರೆಯಬೇಕು. ಇಷ್ಟು ಒಳ್ಳೆಯ ಭಾಗವನ್ನು ಕತ್ತರಿಸಿದವರ ಮೇಲೆ ನನಗೆ ಇಂದಿಗೂ ಮುನಿಸಿದೆ.

ಮರುವರ್ಷ ಅದೇ ಸೋಮವಾರ ಅದೇ ಕಥೆ ಬಂತು. ಈ ಸಲ ಗಟ್ಟಿಯಾಗಿ ಓದುತ್ತಿದ್ದೆ, ತಿಂಡಿ ತಿನ್ನುತ್ತಿದ್ದ ಮಗಳು ಕೇಳಿದಳು: "ಆ ಹುಡುಗಿ ಮನೆಗೆ ಹೋದಳಾ?"

ಯಾವ ಹುಡುಗಿ? ಹಿಂದಕ್ಕೆ ತಿರುಗಿಸಿದೆ. ಕಥೆಯ ಆರಂಭದಲ್ಲಿ ಎರಡು ವಚನಗಳಷ್ಟು ಜಾಗದಲ್ಲಿ ಅವಳಿದ್ದಾಳೆ. ಅರಾಮಿನವರು ದಾಳಿಯಲ್ಲಿ ಇಸ್ರಯೇಲಿನಿಂದ ಸೆರೆಹಿಡಿದು ತಂದ ಬಾಲೆ, ನಾಮಾನನ ಹೆಂಡತಿಯ ಊಳಿಗದವಳು. ನಮ್ಮ ಧಣಿ ಸಮಾರ್ಯದ ಪ್ರವಾದಿಯ ಬಳಿ ಹೋದರೆ ಗುಣವಾಗುತ್ತಿತ್ತು ಎಂದು ಆಸೆಪಟ್ಟು ಹೇಳಿದವಳು ಅವಳೇ. ಅವಳ ಹೆಸರಿಲ್ಲ. ನಾಮಾನನ ಚರ್ಮ ಎಳೆಯ ಮಗುವಿನದರಂತೆ ಆಯಿತು ಎಂಬಲ್ಲಿ ಅವಳ ನೆನಪಿಲ್ಲ. ಗೇಹಜಿಯ ಭಾಗವನ್ನೂ ಓದಿ ಅಧ್ಯಾಯದ ಕೊನೆಯವರೆಗೆ ಹುಡುಕಿದೆ. ಇಲ್ಲ.

"ಬರೆದಿಲ್ಲ" ಎಂದೆ.

ಮರುದಿನ ಮಂಗಳವಾರದ ಶುಭಸಂದೇಶದಲ್ಲಿ ಪೇತ್ರ ಯೇಸುಸ್ವಾಮಿಯನ್ನು ಕೇಳುತ್ತಾನೆ: ನನ್ನ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ? ನನ್ನ ಕಣ್ಣು ಪುಟದ ಮೇಲಿತ್ತು, ತಲೆಯಲ್ಲಿ ಇನ್ನೂ ಸೋಮವಾರವೇ ಇತ್ತು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಮಗಳು ಬಂದು ಒಲೆ ಆರಿಸಿ, ಬಟ್ಟೆ ತಂದು ಒರೆಸತೊಡಗಿದಳು.