ರಾತ್ರಿ 11ರ ನಂತರದ ಚೌಕಗಳು

ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ನಾನು ಮೊದಲು ಹುಡುಕಿದ್ದು ಗೃಹ ವಿಜ್ಞಾನದ ಪ್ರಾಕ್ಟಿಕಲ್‌ಗಳ ಹಳೇ ರೆಕಾರ್ಡ್ ಪುಸ್ತಕವನ್ನು. ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಕಂದು ಕಾಗದದ ಹೊದಿಕೆ ಅರ್ಧ ಹರಿದಿದೆ. ಒಳಗೆ ಒಂದು ಪುಟದಲ್ಲಿ ಬಟ್ಟೆಯ ಚೂರುಗಳು, ಪ್ರತಿ ಚೂರಿನ ಪಕ್ಕ ಅದನ್ನು ಸುಟ್ಟ ಬೂದಿ. ಬೂದಿಯ ಮೇಲೆ ಅಂಟಿಸಿದ ಟೇಪು ಹಳದಿಗಟ್ಟಿದೆ. ಆ ಬೂದಿಗಳಲ್ಲಿ ಒಂದು ನನ್ನ ಅಂಗಿಯದು.

ಗೃಹ ವಿಜ್ಞಾನ ತಗೊಂಡ ಹುಡುಗರು ನಮ್ಮ ಬ್ಯಾಚಿನಲ್ಲಿ ಇಬ್ಬರೇ. ಸುಳ್ಳು ಯಾಕೆ ಹೇಳಲಿ, ಬೇರೆ ವಿಷಯದಲ್ಲಿ ಸೀಟು ಸಿಗದೆ ಬಂದವನು ನಾನು. "ಅಡುಗೆ ಕಲಿಯೋಕೂ ಪರೀಕ್ಷೆ ಬರೀಬೇಕಾ?" ಅಂತ ಗೆಳೆಯರು ರೇಗಿಸುತ್ತಿದ್ದರು. ನನಗೂ ಒಳಗೊಳಗೇ ಅದೇ ಅನುಮಾನ. ಮೊದಲ ವಾರ ಪೂರ್ತಿ ಬೋರು ಹೊಡೆಯಿತು.

ಎರಡನೇ ವಾರ ಬಟ್ಟೆ ಸುಡುವ ಪ್ರಾಕ್ಟಿಕಲ್. ಒಂದೊಂದೇ ದಾರ ಎಳೆದು, ಚಿಮುಟದಲ್ಲಿ ಹಿಡಿದು, ಮೇಣದ ಬತ್ತಿಗೆ ತೋರಿಸಬೇಕು. ಹತ್ತಿ ಥಟ್ಟನೆ ಹೊತ್ತಿಕೊಂಡು ಉರಿಯುತ್ತದೆ. ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಉಣ್ಣೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆಯೇ ಬರುತ್ತದೆ, ಯಾಕೆಂದರೆ ಕೂದಲಿನ ಹಾಗೆ ಅವೂ ಪ್ರೋಟೀನು. ಕೊನೆಗೆ ಉಳಿಯುವ ಕರಿ ಉಂಡೆ ಬೆರಳಲ್ಲಿ ಒತ್ತಿದರೆ ಪುಡಿ. ಪಾಲಿಯೆಸ್ಟರ್ ಆದರೆ ಬೆಂಕಿ ಹತ್ತಿರ ಬರುತ್ತಿದ್ದ ಹಾಗೇ ಮುದುಡಿಕೊಳ್ಳುತ್ತದೆ, ಕರಗುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಒತ್ತಿದರೂ ಒಡೆಯಲ್ಲ.

ಅವತ್ತು ನಾನು ಹಾಕಿದ್ದು ಹೊಸ ಅಂಗಿ. ಕಾಲರಿನ ಚೀಟಿಯಲ್ಲಿ ಶುದ್ಧ ಹತ್ತಿ ಅಂತ ಬರೆದಿತ್ತು. ಜಂಬದಿಂದ ಕೆಳಗಿನ ಅಂಚಿನಿಂದ ನಾಲ್ಕು ದಾರ ಎಳೆದು ಸುಟ್ಟೆ. ಮಣಿ! ಗಟ್ಟಿ, ಕರಿ, ಹೊಳೆಯುವ ಮಣಿ. ಮೇಡಂ ಬಗ್ಗಿ ನೋಡಿ, "ಇಸ್ತ್ರಿ ಪೆಟ್ಟಿಗೆ ಬಿಸಿ ಕಮ್ಮಿ ಮಾಡ್ಕೋಪ್ಪ" ಅಂದರು. ಅಷ್ಟೇ. ಇಡೀ ಲ್ಯಾಬು ನಕ್ಕಿತು. ನನಗೆ ಮಾತ್ರ ಅವತ್ತೇ ಈ ವಿಷಯದ ರುಚಿ ಹತ್ತಿದ್ದು. ಮೈಮೇಲೆ ಹಾಕಿಕೊಂಡಿರುವುದನ್ನೂ ಪರೀಕ್ಷೆ ಮಾಡಿ ನೋಡಬಹುದು ಅಂತ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಗೃಹ ವಿಜ್ಞಾನದ ಇತಿಹಾಸದ ಪಾಠ ಬಂದಾಗ ಮೇಡಂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಎಲೆನ್ ಸ್ವಾಲೋ ರಿಚರ್ಡ್ಸ್ ಅಂದರೆ ಅವರಿಗೆ ಪ್ರಾಣ. 1842ರಲ್ಲಿ ಹುಟ್ಟಿದ ಅಮೆರಿಕದ ರಸಾಯನಶಾಸ್ತ್ರಜ್ಞೆ. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ 1873ರಲ್ಲಿ ಪದವಿ ಪಡೆದ ಮೊದಲ ಮಹಿಳೆ. ಸೇರಿಸಿಕೊಂಡಾಗ ಆಕೆಯಿಂದ ಶುಲ್ಕ ತಗೊಳ್ಳಲಿಲ್ಲವಂತೆ. ಬಡತನ ನೋಡಿ ಬಿಟ್ಟರು ಅಂತ ಆಕೆ ಅಂದುಕೊಂಡಿದ್ದರು. ನಿಜ ಬೇರೆ. ಯಾರಾದರೂ ತಕರಾರು ತೆಗೆದರೆ, ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ ಅಂತ ಹೇಳಿಬಿಡಲು ಅನುಕೂಲವಾಗಲಿ ಅಂತ! ಅಂಥವರು ಮುಂದೆ, 1887ರಲ್ಲಿ ಶುರುವಾದ ಸಮೀಕ್ಷೆಗಾಗಿ ತಮ್ಮ ರಾಜ್ಯದ ಕೆರೆ ಹೊಳೆಗಳ ನೀರನ್ನೆಲ್ಲ ಪರೀಕ್ಷೆ ಮಾಡಿದರು. 1893ರ ಶಿಕಾಗೋ ಜಾಗತಿಕ ಮೇಳದಲ್ಲಿ ಒಂದು ಅಡುಗೆಮನೆ ತೆರೆದು, ಯಾವ ತಿಂಡಿಯಲ್ಲಿ ಎಷ್ಟು ಪೋಷಕಾಂಶ ಇದೆ ಅಂತ ಬರೆದು ಬಡಿಸಿದರು. ಇವತ್ತು ಪ್ಯಾಕೆಟ್ಟಿನ ಹಿಂದೆ ಓದುವ ಸಣ್ಣಕ್ಷರದ ಮುತ್ತಜ್ಜಿ ಅದು ಅನ್ನಿ.

ಇನ್ನೊಂದು ಸಂಗತಿ ನನಗೆ ಜಾಸ್ತಿ ಇಷ್ಟ. ಇಕಾಲಜಿ ಅನ್ನೋ ಪದ ಹುಟ್ಟಿದ್ದು ಮನೆ ಅನ್ನೋ ಅರ್ಥದ ಗ್ರೀಕ್ ಪದದಿಂದ. 1866ರಲ್ಲಿ ಜರ್ಮನಿಯ ಜೀವಶಾಸ್ತ್ರಜ್ಞ ಅರ್ನ್ಸ್ಟ್ ಹೆಕೆಲ್ ಅದನ್ನು ಜೀವಿಗಳಿಗೂ ಅವುಗಳ ಸುತ್ತಲಿನ ಪರಿಸರಕ್ಕೂ ಇರುವ ನಂಟಿನ ಅಧ್ಯಯನಕ್ಕೆ ಬಳಸಿದ. 1892ರಲ್ಲಿ ರಿಚರ್ಡ್ಸ್ ಅದೇ ಪದವನ್ನು ಗಾಳಿ, ನೀರು, ಆಹಾರ, ಮನೆ ಎಲ್ಲ ಸೇರಿದ ತಮ್ಮ ವಿಜ್ಞಾನಕ್ಕೆ ಇಡಲು ನೋಡಿದರು. ಹೆಸರು ನಿಲ್ಲಲಿಲ್ಲ, ಜೀವಶಾಸ್ತ್ರದವರ ಪಾಲಾಯಿತು. 1899ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್ ಅನ್ನೋ ಊರಲ್ಲಿ ಬೆರಳೆಣಿಕೆಯ ಜನ ಸೇರಿ ಈ ವಿಷಯಕ್ಕೆ, ಅಂದರೆ ನಮ್ಮ ಗೃಹ ವಿಜ್ಞಾನಕ್ಕೆ, ಹೋಮ್ ಎಕನಾಮಿಕ್ಸ್ ಅಂತ ಹೆಸರಿಟ್ಟರು. ಆಮೇಲೆ 1969ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ತನ್ನ ಹೋಮ್ ಎಕನಾಮಿಕ್ಸ್ ಕಾಲೇಜಿನ ಬೋರ್ಡು ಬದಲಿಸಿ ಹ್ಯೂಮನ್ ಇಕಾಲಜಿ ಅಂತ ಬರೆಸಿತು. ಮನೆ ಬಿಟ್ಟು ಹೋದ ಪದ ಸುಮಾರು 80 ವರ್ಷದ ಮೇಲೆ ಮನೆಗೆ ಬಂತು.

ಅದೇ ಕಾರ್ನೆಲ್ಲಿನ ಇನ್ನೊಂದು ಕತೆ ಕೇಳಿ ನಾವೆಲ್ಲ ಸುಮ್ಮನಾಗಿದ್ದೆವು. ಅಲ್ಲಿ ವಿದ್ಯಾರ್ಥಿನಿಯರು ಮನೆ ನಡೆಸುವ ಅಭ್ಯಾಸಕ್ಕೆ ಅಂತಲೇ ಇದ್ದ ಮನೆಗಳಲ್ಲಿ ಇರುತ್ತಿದ್ದರು. ಮಗು ನೋಡಿಕೊಳ್ಳುವ ಅಭ್ಯಾಸಕ್ಕೆ ನಿಜವಾದ ಕೂಸನ್ನೇ ತರುತ್ತಿದ್ದರು, ಅನಾಥಾಲಯದಂಥ ಕಡೆಯಿಂದ. ಸರದಿ ಮೇಲೆ ಒಬ್ಬೊಬ್ಬರು ತಾಯಿ. ಡೊಮೆಸ್ಟಿಕ್ ಎಕಾನಮಿಯನ್ನು ಮೊಟಕು ಮಾಡಿ ಡೊಮೆಕಾನ್ ಅಂತ ಆ ಮಕ್ಕಳಿಗೆ ಅಡ್ಡಹೆಸರು. ತೂಕ, ಹಾಲು, ನಿದ್ದೆ ಎಲ್ಲಕ್ಕೂ ಲೆಕ್ಕ. ಇದು 1960ರ ದಶಕದ ಕೊನೆಯವರೆಗೂ ನಡೆಯಿತು. ಪುಟ್ಟ ಮಗುವಿಗೆ ಬದಲಾಗದೆ ಜೊತೆಗಿರುವ ಒಬ್ಬರು ಬೇಕು ಅಂತ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಕೊಟ್ಟದ್ದು 1951ರಲ್ಲೇ. ಆ ಮಕ್ಕಳನ್ನು ಚೆನ್ನಾಗೇ ನೋಡಿಕೊಂಡಿರಬಹುದು. ಆದರೂ ಆ ಕತೆ ನನ್ನ ಗಂಟಲಲ್ಲಿ ಇವತ್ತಿಗೂ ಇಳಿಯುವುದಿಲ್ಲ. ತನ್ನ ವಿಷಯದ ಹುಳುಕನ್ನು ಮುಚ್ಚಿಡದೆ ಹೇಳಿದ್ದಕ್ಕೇ ಮೇಡಂ ಮೇಲೆ ಗೌರವ ಹೆಚ್ಚಾಯಿತು.

ಕುಟುಂಬ ಅಧ್ಯಯನದ ಪಾಠದಲ್ಲಿ ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನರ್ ಬಂದರು. ಮಗುವಿನ ಸುತ್ತಲಿನ ಪ್ರಪಂಚವನ್ನು ಅವರು 1979ರಲ್ಲಿ ಒಂದರೊಳಗೊಂದು ಕೂರುವ ಬೊಂಬೆಗಳಿಗೆ ಹೋಲಿಸಿದ್ದರು. ಒಳಗಿನದು ಮನೆ, ಶಾಲೆ. ಆಮೇಲೆ ಅವೆರಡರ ನಡುವಿನ ನಂಟು. ಅದರಾಚೆ ಮಗು ಕಾಲೇ ಇಡದ ಜಾಗಗಳು, ಉದಾಹರಣೆಗೆ ಅಪ್ಪನ ಕೆಲಸದ ಜಾಗ. ನಮ್ಮಪ್ಪನದು ಶಿಫ್ಟು ಕೆಲಸ. ರಾತ್ರಿ ಪಾಳಿಯ ವಾರದಲ್ಲಿ ಹಗಲು ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವ ಹಾಗಿರಲಿಲ್ಲ. ತಮ್ಮ ಮೆಲ್ಲಗೆ ಮಾತಾಡೋದು ಕಲಿತದ್ದೇ ಹಾಗೆ. ಅಪ್ಪನ ಪಾಳಿ ಪಟ್ಟಿಗೂ ತಮ್ಮನ ದನಿಗೂ ಸಂಬಂಧ ಇದೆ ಅಂತ ಮೇಡಂ ಕರಿಹಲಗೆಯ ಮೇಲೆ ಒಂದರೊಳಗೊಂದು ಬರೆದ ವೃತ್ತಗಳನ್ನು ನೋಡುವಾಗ ತಲೆಗೆ ಹೋಯಿತು.

ಅಡುಗೆ ಮಾಡುವಾಗ ಎಷ್ಟು ಓಡಾಟ ಆಗುತ್ತದೆ ಅಂತ ನೋಡಲು ಅಡುಗೆಮನೆಯಲ್ಲಿ ಹೆಜ್ಜೆ ಎಣಿಸಿ, ಅದರ ನಕ್ಷೆಯ ಮೇಲೆ ಗುಂಡುಪಿನ್ನು ಚುಚ್ಚಿ ದಾರ ಸುತ್ತಿದ್ದನ್ನೂ ರೆಕಾರ್ಡಿನಲ್ಲಿ ಬರೆಯಬೇಕಿತ್ತು. 12 ಮಕ್ಕಳ ತಾಯಿ, ಎಂಜಿನಿಯರ್ ಲಿಲಿಯನ್ ಗಿಲ್ಬ್ರೆತ್ ಅವರಿಂದ ಬಂದ ದಾರಿ ಅದು. ಅವರಿಗೇ ಅಡುಗೆ ಅಷ್ಟಾಗಿ ಬರುತ್ತಿರಲಿಲ್ಲವಂತೆ, ನನಗೆ ಆಗ ಸಮಾಧಾನ ಕೊಟ್ಟ ವಿಷಯ ಅದೊಂದೇ.

ಎಲ್ಲಕ್ಕಿಂತ ನೆನಪಿರುವುದು ಸಮಯದ ಹಾಳೆ. ಒಂದು ದಿನ ಮನೆಯಲ್ಲಿ ಯಾರು ಏನು ಮಾಡಿದರು ಅಂತ 15 ನಿಮಿಷಕ್ಕೊಂದು ಚೌಕದಲ್ಲಿ ಬರೆಯಬೇಕು. ದಿನಕ್ಕೆ 96 ಚೌಕ, ನಾಲ್ಕು ಜನಕ್ಕೆ ನಾಲ್ಕು ಸಾಲು. ಅಪ್ಪನ ಸಾಲು ಸುಲಭ: ಕೆಲಸ, ಕೆಲಸ, ಕೆಲಸ, ಪೇಪರು, ನಿದ್ದೆ. ನಂದೂ ತಮ್ಮಂದೂ ಅದಕ್ಕಿಂತ ಸುಲಭ. ಅಮ್ಮನ ಸಾಲಿಗೆ ಬಂದಾಗ ಪೆನ್ನು ತಡೆಯಿತು. ಬೆಳಿಗ್ಗೆ 7:15ಕ್ಕೆ ಒಲೆ ಮೇಲೊಂದು, ಕೈಯಲ್ಲೊಂದು, ಬಾಯಲ್ಲಿ ತಮ್ಮನ ಮಗ್ಗಿ. ಮೂರನ್ನು ಒಂದು ಚೌಕದಲ್ಲಿ ತುರುಕೋದು ಹೇಗೆ? ಅಕ್ಷರ ಇರುವೆ ಸಾಲಿನ ಹಾಗಾಯಿತು. ಮಧ್ಯಾಹ್ನ 2:30ಕ್ಕೆ "ಸುಮ್ನೆ ಕೂತಿದ್ದರು" ಅಂತ ಬರೆದೆ. ಅಮ್ಮ ಇಣುಕಿ ನೋಡಿ, "ಬಟ್ಟೆ ಮಡಚ್ತಾ ಇದ್ನಲ್ಲೋ, ನಿನ್ನ ಕಣ್ಣಿಗೆ ಕಾಣಿಸ್ಲಿಲ್ವಾ?" ಅಂದಳು. ತಿದ್ದಿದೆ. ಆ ಬಟ್ಟೆಯಲ್ಲಿ ಮೇಲೇ ಇದ್ದದ್ದು ನನ್ನ ಹತ್ತಿಯಲ್ಲದ ಅಂಗಿ.

ಎರಡು ದಿನ ಬಿಟ್ಟು ರೆಕಾರ್ಡ್ ವಾಪಸ್ ಬಂತು. ಅಮ್ಮನ ಸಾಲಿನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5:30ರವರೆಗೆ ಒಂದೇ ಉದ್ದ ಗೆರೆ ಎಳೆದು "ನಿದ್ದೆ" ಅಂತ ಬರೆದಿದ್ದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡೇ ಪದ: "ಯಾರು ನೋಡಿದರು?"

ಮನೆಗೆ ಬಂದು ಅಮ್ಮನನ್ನೇ ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಬಾಗಿಲು ಹಾಕಿದೀನಾ ಅಂತ ಒಂದ್ಸಲ ನೋಡ್ತೀನಿ. ನಿನ್ ತಮ್ಮ ಕೆಮ್ಮಿದ್ರೆ ಏಳ್ತೀನಿ. ಅಪ್ಪ ಪಾಳಿ ಮುಗಿಸಿ ಬಂದ್ರೆ ಬಾಗಿಲು ತೆಗೀಬೇಕಲ್ಲ. ಅದನ್ನೆಲ್ಲ ಬರೀತಾರೇನೋ?"

ಗೆರೆಯನ್ನು ರಬ್ಬರಿನಲ್ಲಿ ಅಳಿಸಿದೆ, ಶಾಯಿ ಪೂರ್ತಿ ಹೋಗಲಿಲ್ಲ, ಕಾಗದ ತೆಳ್ಳಗಾಯಿತು. ಅದರ ಮೇಲೇ ಪೆನ್ಸಿಲ್ಲಿನಲ್ಲಿ ಬರೆದೆ: ಬಾಗಿಲು. ಕೆಮ್ಮು. ಬಾಗಿಲು. ಈಗ ಬೆಳಕಿಗೆ ಹಿಡಿದರೆ ಆ ಮೂರು ಪದಗಳ ಹಿಂದೆ ಹಳೇ "ನಿದ್ದೆ" ಇನ್ನೂ ಕಾಣುತ್ತದೆ. ಪಕ್ಕದಲ್ಲಿ ಅಂಕ ಇದೆ, 10ಕ್ಕೆ 6.