ಕೌಂಟರ್ 9ರಲ್ಲೇ ಇತ್ತು

ಮೊನ್ನೆ ಸ್ಟುಡಿಯೋದ ಕಪಾಟು ಖಾಲಿ ಮಾಡುವಾಗ ಆ ನೆಗೆಟಿವ್ ಸ್ಲೀವ್ ಮತ್ತೆ ಕೈಗೆ ಸಿಕ್ಕಿತು. ಕಿಟಕಿಗೆ ಹಿಡಿದು ನೋಡಿದೆ. ಏಳನೇ ಫ್ರೇಮಿನಲ್ಲಿ ಅಜ್ಜನಿಗೆ ನಾಲ್ಕು ಕಣ್ಣು. ಅಜ್ಜಿಯ ಒಂದು ಮುಖ ನನ್ನನ್ನು ನೋಡುತ್ತಿದೆ, ಇನ್ನೊಂದು ಅಜ್ಜನ ಕಡೆ ತಿರುಗಿದೆ. ಎರಡು ವರ್ಷ ಆಯ್ತು. ಈಗಲೂ ಹೊಟ್ಟೆಯೊಳಗೆ ಹಿಂಡಿದ ಹಾಗೆ ಆಗುತ್ತದೆ.

ಕಾಸರಗೋಡು ಕಡೆಯ ಒಂದು ಮದುವೆ ಸ್ಟುಡಿಯೋದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನದು ಕ್ಯಾಂಡಿಡ್, ಅಂದರೆ ಪೋಸ್ ಕೊಡಿಸದೆ ತೆಗೆಯುವ ಫೋಟೋ. ಆ ಡಿಸೆಂಬರಿನಲ್ಲಿ ಬದಿಯಡ್ಕದಿಂದ ಒಳಗೆ ಒಂದು ಅಡಿಕೆ ತೋಟದ ಮನೆಯಲ್ಲಿ ಸಹಸ್ರಚಂದ್ರ ದರ್ಶನ ಶಾಂತಿ ಇತ್ತು. ಅಜ್ಜ ಅಜ್ಜಿ ಮದುವೆಯಾದ ಹೊಸತರಲ್ಲಿ ಮಂಗಳೂರಿನ ಸ್ಟುಡಿಯೋದಲ್ಲಿ ತೆಗೆಸಿದ ಚೌಕದ ಫೋಟೋ ಅವರ ಚಾವಡಿಯ ಗೋಡೆಯ ಮೇಲೆ ಉಂಟು. ಅದರ ಪಕ್ಕಕ್ಕೆ ಇನ್ನೊಂದು ಬೇಕು, ಅದೂ ಫಿಲ್ಮಿನಲ್ಲೇ ಬೇಕು ಅಂತ ಮಗಳ ಆಸೆ. ನಮ್ಮ ಯಜಮಾನರು ಫೋನಿನಲ್ಲೇ ಒಪ್ಪಿಕೊಂಡುಬಿಟ್ಟರು. ನಮ್ಮಲ್ಲಿ ಫಿಲ್ಮ್ ಕ್ಯಾಮೆರಾ ಇದೆಯಾ ಅಂತ ಯಾರನ್ನೂ ಕೇಳಲಿಲ್ಲ. ಬುಕಿಂಗ್ ಶೀಟ್‌ನಲ್ಲಿ ‘ಫಿಲ್ಮ್ ಪೋರ್ಟ್ರೇಟ್’ ಅಂತ ಬರೆದದ್ದು ನೋಡಿಯೇ ನನಗೆ ವಿಷಯ ಗೊತ್ತಾದದ್ದು.

ಕೊಟ್ಟ ಬಜೆಟ್ 10,000 ರೂಪಾಯಿ. ರೋಲಿಫ್ಲೆಕ್ಸ್‌ನಂಥ ದುಬಾರಿ ಕ್ಯಾಮೆರಾ ಆ ದುಡ್ಡಿಗೆ ಕನಸಿನ ಮಾತು. ಹುಡುಕಿ ಹುಡುಕಿ 8,000ಕ್ಕೆ ಒಂದು ಯಾಶಿಕಾ ಎ ತರಿಸಿದೆ. 1950ರ ದಶಕದ ಕೊನೆಗೆ ಬಂದ ಜಪಾನಿ ಮಾಡೆಲ್. ಒಂದರ ಮೇಲೊಂದು ಎರಡು ಲೆನ್ಸ್. ಮೇಲಿನದು ನೋಡಲಿಕ್ಕೆ, ಕೆಳಗಿನದು ತೆಗೆಯಲಿಕ್ಕೆ. 80 ಎಂಎಂ, ಎಫ್ 3.5. ಬೆಳಕು ಅಳೆಯುವ ಮೀಟರ್ ಇಲ್ಲ, ಬ್ಯಾಟರಿ ಇಲ್ಲ. ಶಟರ್ ಸೆಕೆಂಡಿನ 1/25ರಿಂದ 1/300ರ ತನಕ, ಮತ್ತೆ ಬಲ್ಬ್, ಅಂದರೆ ಒತ್ತಿ ಹಿಡಿದಷ್ಟು ಹೊತ್ತು ತೆರೆದೇ ಇರುವುದು. ಅಷ್ಟೇ.

ಪಾರ್ಸೆಲ್ ಬಿಚ್ಚಿದ ಕೂಡಲೇ ಹಿಂದಿನ ಬಾಗಿಲು ತೆಗೆದು, ಶಟರ್ ಬಲ್ಬಿನಲ್ಲಿಟ್ಟು, ಟಾರ್ಚ್ ಬಿಟ್ಟು ನೋಡಿದೆ. ನಮ್ಮ ಕಡೆಯ ಮಳೆಗಾಲ ಎಷ್ಟು ಲೆನ್ಸ್ ತಿಂದಿದೆ ಅಂತ ನಮಗೆಲ್ಲ ಗೊತ್ತಲ್ವಾ. ಜೇಡರ ಬಲೆಯಂಥ ಫಂಗಸ್ ಮೇಲಿನ ಲೆನ್ಸಿನ ಅಂಚಿನಲ್ಲಿ ಸ್ವಲ್ಪ ಇತ್ತು, ಕೆಳಗಿನದು ಸ್ವಚ್ಛ. ಸಮಾಧಾನ ಆಯ್ತು. ಆಮೇಲೆ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಹಾಕಿ ಶಟರ್ ರೆಕಾರ್ಡ್ ಮಾಡಿದೆ. 1/25ರಲ್ಲಿ ಅದು ಹತ್ತು ಫ್ರೇಮಿನಷ್ಟು ಹೊತ್ತು ತೆರೆದಿರಬೇಕು. ಎಣಿಸಿದರೆ ಹದಿನಾರು. ಹಳೆಯ ಗ್ರೀಸ್ ಗಟ್ಟಿಯಾಗಿರಬೇಕು. ಆ ಸ್ಪೀಡ್ ಮುಟ್ಟುವುದೇ ಬೇಡ ಅಂತ ತೀರ್ಮಾನಿಸಿದೆ. ಇಷ್ಟೆಲ್ಲ ಸರಿಯಾಗಿಯೇ ಮಾಡಿದೆ.

ತಪ್ಪಿದ್ದು ಪ್ರಾಕ್ಟೀಸಿನಲ್ಲಿ. ಈ ಕ್ಯಾಮೆರಾಕ್ಕೆ ಹಾಕುವ 120 ಅನ್ನುವ ಅಗಲದ ಫಿಲ್ಮ್ ರೋಲ್ ಒಂದಕ್ಕೆ ಆಗ ಸಾವಿರದ ಹತ್ತಿರ ಇತ್ತು. ಅದರಲ್ಲಿ ಬರುವುದು ಹನ್ನೆರಡು ಫೋಟೋ. ಟೆಸ್ಟ್ ರೋಲಿಗೆ ದುಡ್ಡು ಕೇಳಿದರೆ ಯಜಮಾನರು ‘ಮನೆಯಲ್ಲೇ ಕೈ ಪಳಗಿಸು’ ಅಂದರು. ಸರಿ ಅಂತ ಖಾಲಿ ಕ್ಯಾಮೆರಾದಲ್ಲೇ ಪಳಗಿಸಿದೆ. ಮೇಲಿಂದ ಬಗ್ಗಿ ನೋಡುವ, ಎಡ ಬಲ ತಿರುಗಾಮುರುಗಾ ಕಾಣುವ ಗಾಜಿಗೆ ಕಣ್ಣು ಒಗ್ಗಿತು. ಶಟರ್ ಸಜ್ಜು ಮಾಡಲಿಕ್ಕೆ ಲೆನ್ಸಿನ ಪಕ್ಕದ ಸಣ್ಣ ಲಿವರ್ ಎಳೆಯುವುದು, ಫೋಟೋಕ್ಕೆ ಬಟನ್ ಒತ್ತುವುದು. ಎಳೆಯುವುದು, ಒತ್ತುವುದು. ಒಂದು ವಾರ ರಾತ್ರಿ ಊಟ ಆದ ಮೇಲೆ ಇದೇ ಕೆಲಸ. ಫಿಲ್ಮ್ ಇಲ್ಲದ ಮೇಲೆ ಅದನ್ನು ಮುಂದೆ ಸುತ್ತುವ ನಾಬ್ ಯಾಕೆ ತಿರುಗಿಸಬೇಕು? ತಿರುಗಿಸಲಿಲ್ಲ. ಈ ಕ್ಯಾಮೆರಾದಲ್ಲಿ ಶಟರಿಗೂ ಫಿಲ್ಮಿಗೂ ಸಂಬಂಧವೇ ಇಲ್ಲ. ನೀನು ಮುಂದೆ ಸುತ್ತದಿದ್ದರೆ ಅದೇ ಜಾಗದ ಮೇಲೆ ಹತ್ತು ಸಲ ಬೇಕಾದರೂ ತೆಗೆಯುತ್ತದೆ, ತಡೆಯುವುದಿಲ್ಲ. ಇದು ನನಗೆ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ.

ಶಾಂತಿಯ ದಿನ ಬೆಳಗ್ಗೆ ಎಲ್ಲ ಚೆನ್ನಾಗಿ ನಡೆಯಿತು. ಹೋಮದ ಹತ್ತಿರ ಒಂದೆರಡು, ಮೊಮ್ಮಕ್ಕಳದ್ದು ಒಂದು. ಹೊತ್ತು ಇತ್ತು, ಒಂದೊಂದಕ್ಕೂ ಯೋಚಿಸಿ ನಾಬ್ ತಿರುಗಿಸಿದೆ. ಹನ್ನೆರಡೂವರೆಗೆ ಚಪ್ಪರದಡಿ ಗ್ರೂಪ್ ಶುರುವಾಯಿತು. ಮೂವತ್ತು ಜನ. ಬಡಿಸಲಿಕ್ಕೆ ಎಲೆ ಹಾಕಿ ಆಗಿತ್ತು. ಸೆಕೆಂಡ್ ಶೂಟರ್ ಡಿಜಿಟಲ್‌ನಲ್ಲಿ ಟಕಟಕ ಹೊಡೆಯುತ್ತಿದ್ದ. ಯಜಮಾನರು ಹಿಂದಿನಿಂದ ‘ಬೇಗ ಬೇಗ’ ಅನ್ನುತ್ತಿದ್ದರು. ನಾನು ಎಳೆದೆ, ಒತ್ತಿದೆ. ಎಳೆದೆ, ಒತ್ತಿದೆ. ಆಮೇಲೆ ಅಜ್ಜ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ನಾಲ್ಕು. ಮನಸ್ಸಿನಲ್ಲಿ ಲೆಕ್ಕ ಇಟ್ಟಿದ್ದೆ. ಹನ್ನೆರಡು ಆಯ್ತು.

ರೋಲ್ ಮುಗಿದರೆ ನಾಬ್ ಸಲೀಸಾಗಿ ತಿರುಗುತ್ತಾ ಹೋಗಬೇಕು. ಮಧ್ಯದ ಬಟನ್ ಒತ್ತಿ ತಿರುಗಿಸಿದೆ. ಟಕ್ ಅಂತ ನಿಂತಿತು. ಇನ್ನೊಮ್ಮೆ ಬಲ ಹಾಕಿದೆ, ಜಗ್ಗಲಿಲ್ಲ. ಬದಿಯ ಸಣ್ಣ ಕಿಟಕಿಯಲ್ಲಿ ಕೌಂಟರ್ ನೋಡಿದೆ. 9.

ಕಿವಿ ಬಿಸಿಯಾಯಿತು. ಹನ್ನೆರಡು ಸಲ ಒತ್ತಿದ್ದೇನೆ, ಫಿಲ್ಮಿನಲ್ಲಿ ಎಂಟು ಜಾಗ ಮಾತ್ರ ಹೋಗಿದೆ. ನಾಲ್ಕು ಯಾವುದರದ್ದೋ ಮೇಲೆ ಬಿದ್ದಿವೆ. ಯಾವುದರ ಮೇಲೆ? ಗೊತ್ತಿಲ್ಲ. ಅಜ್ಜ ಅಜ್ಜಿ ಇನ್ನೂ ಅಲ್ಲೇ ಕೂತಿದ್ದರು. ಅಜ್ಜಿ ಸೆರಗು ಸರಿ ಮಾಡಿಕೊಂಡು, ಕೈ ಮಡಿಲಲ್ಲಿಟ್ಟು, ನನ್ನನ್ನೇ ನೋಡುತ್ತಿದ್ದರು. ‘ಎಂತಾತು?’ ಅಂತ ಅಜ್ಜ ಕೇಳಿದರು. ಕ್ಯಾಮೆರಾದೊಳಗೆ ನಾಲ್ಕು ಫ್ರೇಮ್ ಖಾಲಿ ಇತ್ತು. ಬೆಳಕು ಹಾಗೇ ಇತ್ತು, 1/100, ಎಫ್ 5.6. ಫೋಕಸ್ ಕೂಡ ಬದಲಾಗಿರಲಿಲ್ಲ. ‘ಇನ್ನೊಂದು ನಿಮಿಷ ಅಜ್ಜ, ನನ್ನಿಂದ ತಪ್ಪಾಯ್ತು’ ಅಂದಿದ್ದರೆ ಸಾಕಿತ್ತು. ಯಜಮಾನರು ಕೈಸನ್ನೆ ಮಾಡಿದರು. ಮೂವತ್ತು ಜನ ಊಟಕ್ಕೆ ಏಳುತ್ತಿದ್ದರು. ನಾನು ‘ಆಯ್ತು ಅಜ್ಜ’ ಅಂದುಬಿಟ್ಟೆ.

ಹೀಗೆ ಒಂದರ ಮೇಲೊಂದು ಬೀಳುವ ಡಬಲ್ ಎಕ್ಸ್‌ಪೋಷರ್ ಯಾರಿಗೂ ಆಗಬಹುದು. ಅದನ್ನು ನಾನು ಮರೆತೇನು. ಆ ಒಂದು ಮಾತನ್ನು ಮರೆಯಲಿಕ್ಕೆ ಆಗುವುದಿಲ್ಲ.

ಮೂರು ವಾರಕ್ಕೆ ನೆಗೆಟಿವ್ ಬಂತು. ಐದು ಫ್ರೇಮ್ ಚೊಕ್ಕ. ಗ್ರೂಪ್ ಫೋಟೋ ಮೂರು ಒಂದರ ಮೇಲೊಂದು. ಜಗಲಿಯ ನಾಲ್ಕೂ ಎರಡೆರಡಾಗಿ ಎರಡೇ ಫ್ರೇಮಿನಲ್ಲಿ. ಗ್ರೂಪಿಗೆ ಡಿಜಿಟಲ್ ಬ್ಯಾಕಪ್ ಇತ್ತು. ಆಲ್ಬಂಗೆ ಏನೂ ತೊಂದರೆ ಆಗಲಿಲ್ಲ. ಅವರು ಕೇಳಿದ್ದ ಒಂದೇ ಒಂದು ಫೋಟೋ ಮಾತ್ರ ಇರಲಿಲ್ಲ. ‘ಡಿಜಿಟಲ್ ಫೈಲನ್ನೇ ಬ್ಲ್ಯಾಕ್ ಅಂಡ್ ವೈಟ್ ಮಾಡಿ, ಗ್ರೇನ್ ಹಾಕಿ, ಸ್ಕ್ವೇರ್ ಕ್ರಾಪ್ ಮಾಡಿ ಡೆಲಿವರಿ ಕೊಡು, ಯಾರಿಗೆ ಗೊತ್ತಾಗ್ತದೆ’ ಅಂದರು ಯಜಮಾನರು. ಗೋಡೆಯ ಮೇಲೆ ನಿಜವಾದದ್ದರ ಪಕ್ಕ ಅಂಥದ್ದನ್ನು ತೂಗುಹಾಕಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ನಮ್ಮಿಬ್ಬರಿಗೆ ಮಾತು ಬೆಳೆಯಿತು. ಕೊನೆಗೆ ನಾನೇ ಮಗಳಿಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಲ್ಲೇ ಹೇಳಬಹುದಿತ್ತಲ್ವಾ’ ಅಂದರು.

ಮರುದಿನವೇ ನನ್ನ ದುಡ್ಡಿನಲ್ಲಿ ಎರಡು ರೋಲ್ ತರಿಸಿದೆ. ಒಂದನ್ನು ಬೇಳದ ಇಗರ್ಜಿಯಲ್ಲಿ ಮುಗಿಸಿದೆ. 1890ರಲ್ಲಿ ಕಟ್ಟಿದ ಆ ಗೋಥಿಕ್ ಗೋಪುರದ ಮುಂದೆ ಬಿಸಿಲಿನಲ್ಲಿ ನಿಂತು, ಬೆರಳಿಗೆ ಹೊಸ ಪಾಠ ಹೇಳಿಕೊಟ್ಟೆ. ಒತ್ತಿದ ಕೂಡಲೇ ನಾಬ್ ತಿರುಗಿಸುವುದು. ಲಿವರ್ ಎಳೆಯುವುದು ಒತ್ತುವ ಕ್ಷಣಕ್ಕೆ ಮಾತ್ರ. ಹನ್ನೆರಡಕ್ಕೆ ಹನ್ನೆರಡೂ ಬೇರೆ ಬೇರೆಯಾಗಿ ಬಂದವು. ಹೊಸಬರಿಗೆ ನಾನು ಈಗ ಹೇಳುವುದೂ ಇಷ್ಟೇ. ಖಾಲಿ ಕ್ಯಾಮೆರಾದಲ್ಲಿ ಕಲಿತರೂ ನಾಬ್ ತಿರುಗಿಸಿಯೇ ಕಲಿ.

ಫೆಬ್ರವರಿಯಲ್ಲಿ ಮತ್ತೆ ಆ ಮನೆಗೆ ಹೋದೆ. ಚಪ್ಪರ ಇರಲಿಲ್ಲ. ಅಂಗಳದ ತುಂಬಾ ಅಡಿಕೆ ಹರವಿದ್ದರು. ಅಜ್ಜಿ ಮನೆಯಲ್ಲಿ ಉಡುವ ನೂಲಿನ ಸೀರೆಯಲ್ಲೇ ಬಂದು ಜಗಲಿಯಲ್ಲಿ ಕೂತರು. ಅಜ್ಜ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನಾನು ಮೊದಲೇ ಹೇಳಿದೆ, ‘ಹೋದ ಸಲ ನನ್ನ ತಪ್ಪಿಂದ ಹಾಳಾಯ್ತು ಅಜ್ಜಿ.’ ಅವರು ಕೈಯಾಡಿಸಿ, ‘ತೆಗೆ ತೆಗೆ’ ಅಂದರು. ಗಾಜಿನಲ್ಲಿ ಇಬ್ಬರೂ ಎಡಬಲ ಬದಲಾಗಿ ಕಂಡರು. ಎಳೆದೆ. ಒತ್ತಿದೆ. ಅದರದ್ದು ಎಷ್ಟು ಸಣ್ಣ ಸದ್ದು ಅಂದರೆ ಅಜ್ಜಿಗೆ ಕೇಳಿಸಲೇ ಇಲ್ಲ.

‘ಆತಾ ಮಗಾ?’ ಅಂತ ಕೇಳಿದರು.

ನಾಬ್ ತಿರುಗಿಸಿದೆ. ಕೌಂಟರ್ 2ಕ್ಕೆ ಬಂದು ನಿಂತಿತು. ‘ಆಯ್ತು ಅಜ್ಜಿ, ಇನ್ನೊಂದು’ ಅಂದೆ.